ಮೊದಲು ದಾಟುವವಳು

ಮೆಲ್ಕಾರಿನಲ್ಲಿ ಬಸ್ಸಿಳಿದು ತಲೆಯೆತ್ತಿದರೆ ಎದುರಿಗೆ ಸೇಸಮ್ಮ. ಎರಡು ಮಾಳಿಗೆಯಷ್ಟು ಎತ್ತರದ ಸೇಸಮ್ಮ. ತಲೆ ತುಂಬ ಮಲ್ಲಿಗೆ, ಬಾಯಿ ತುಂಬ ನಗು, ಎರಡು ಕೈಯಲ್ಲಿ ಕತ್ತದ ಹಗ್ಗ. ಬೆನ್ನ ಹಿಂದೆ ನೇತ್ರಾವತಿ, ಹೊಳೆಯ ಮೇಲೆ ತೂಗುವ ಸಂಕ. ಪಕ್ಕದಲ್ಲಿ ಕೆಂಪು ಅಕ್ಷರ: ‘ಪೊಯ್ಯೆಕಡವು ಹಗ್ಗದ ಸೇತುವೆ. ಧರ್ಮಸ್ಥಳದ ದಾರಿಯಲ್ಲಿ ಒಮ್ಮೆ ತೂಗಾಡಿ ಬನ್ನಿ.’

ಪೂವಮ್ಮ ಮೀನಿನ ಬುಟ್ಟಿ ಇಳಿಸದೆ ನಿಂತಳು. ಬುಟ್ಟಿಯ ನೀರು ಕಿವಿಯ ಹಿಂದಿನಿಂದ ಇಳಿದು ರವಿಕೆಯೊಳಗೆ ಹೋಯಿತು. ಒರೆಸಿಕೊಳ್ಳಲಿಲ್ಲ. ಬೇರೆ ಯಾರದೋ ಮುಖವಾಗಿದ್ದರೆ ಒಂದು ಉಗುಳಿನಲ್ಲಿ ಮುಗಿಯುತ್ತಿತ್ತು. ಸೇಸಮ್ಮ ಅವಳ ಓರಗಿತ್ತಿ. ತನ್ನ ಗಂಡ ಡೊಂಬಯ್ಯನ ತಮ್ಮ, ತೀರಿಹೋದ ಧರ್ಣಪ್ಪನ ಹೆಂಡತಿ. ಒಂದೇ ಅಂಗಳ, ಒಂದೇ ಬಾವಿ, ಎರಡು ಬಾಗಿಲು. ಬೆಳಿಗ್ಗೆ ಎದ್ದರೆ ಆ ಮುಖ ನೋಡಬೇಕು. ಇನ್ನು ಮೀನು ಮಾರಲು ಬಂದಲ್ಲೂ ನೋಡಬೇಕು.

"ಎಂತ ಪೂವಕ್ಕ, ಬಾಯಿ ತೆರೆದು ನಿಂತದ್ದು? ನೊಣ ಹೋದೀತು," ಎಂದ ಗೂಡಂಗಡಿಯ ಅಬ್ದುಲ್ ಸಲಾಂ. "ನಿಮ್ಮ ಮನೆಯವರೇ ಅಲ್ವಾ? ನಿನ್ನೆ ಹಾಕಿದ್ದು. ಬಸ್ಸಿನವರೆಲ್ಲ ಕುತ್ತಿಗೆ ತಿರುಗಿಸಿ ನೋಡಿಕೊಂಡು ಹೋಗ್ತಾರೆ."

"ಆ ಹಗ್ಗದ ಆಚೆ ತುದಿ ಎಲ್ಲಿಗೆ ಹೋಯಿತು ಸಲಾಂ?"

"ಫೋಟೋ ಮುಗಿಯಿತಲ್ಲ, ಹಗ್ಗವೂ ಮುಗಿಯಿತು."

"ಹಗ್ಗ ಹಾಗೆಲ್ಲ ಮುಗಿಯುವುದಿಲ್ಲ ಮಾರಾಯ. ಒಬ್ಬಳು ತುದಿ ಹಿಡಿದರೆ ಒಬ್ಬಳು ತಿರುವಬೇಕು. ಆ ಅಂಚಿನಲ್ಲಿ ನೋಡು. ಎರಡು ಬೆರಳು ಉಂಟಾ?"

ಸಲಾಂ ಕಣ್ಣು ಕಿರಿದು ಮಾಡಿದ. "ಉಂಟು. ಒಂದು ಹಸಿರು ಬಳೆಯ ತುಂಡೂ ಉಂಟು."

"ಅದು ನಾನು."

ಸಲಾಂ ಬೋರ್ಡಿನ ಬೆರಳನ್ನು ನೋಡಿದ, ಅವಳನ್ನು ನೋಡಿದ. ಒಳ್ಳೆಯ ಮನುಷ್ಯ. ಏನಾದರೂ ಹೇಳಬೇಕಲ್ಲ ಎಂದು, "ಬೆರಳು ಒಳ್ಳೆ ಬಂದಿದೆ ಪೂವಕ್ಕ," ಎಂದ.

ಫೋಟೋ ತೆಗೆದ ದಿನ ಮೂಡಬಿದಿರೆಯಿಂದ ಬಂದ ಹುಡುಗ ಇಬ್ಬರನ್ನೂ ಹೊಳೆಯ ದಂಡೆಯಲ್ಲಿ ನಿಲ್ಲಿಸಿದ್ದ. ‘ಇಬ್ಬರೂ ಹಿಡಿಯಿರಿ, ಇಬ್ಬರೂ ನಗಿ’ ಎಂದಿದ್ದ. ಇಬ್ಬರೂ ನಕ್ಕಿದ್ದರು. ಪೂವಮ್ಮನ ನಗು ಎಲ್ಲಿ ಬಿತ್ತೋ. ಅವಳ ಹೊಟ್ಟೆಯಲ್ಲಿ ಒಂದು ಮುಗುಡು ಮೀನು ಮಗ್ಗುಲು ಬದಲಿಸಿತು. ಮುಗುಡಿಗೆ ಮುಳ್ಳುಂಟು. ಅದು ಹೊರಳಿದಲ್ಲೆಲ್ಲ ಚುಚ್ಚುತ್ತದೆ.

ಸಂಕ ಮೀನಿನವರದ್ದು. ಪೊಯ್ಯೆಕಡವಿನಲ್ಲಿ ಹೊಳೆಯ ನಡುವೆ ಒಂದು ಕುದ್ರು, ಸಣ್ಣ ದ್ವೀಪ. ಅದರ ಆಚೆ ಬದಿಯಲ್ಲಿ ಬಂಡೆಗಳು, ಬಂಡೆಗಳ ಮಡುವಿನಲ್ಲಿ ಮೀನು. ಬಲೆ ಹಾಕಬೇಕಾದರೆ ಕುದ್ರುವಿಗೆ ಹೋಗಬೇಕು. ಊರಿನ ತೋಟದವರು ಯಾರೂ ಅವರಿಗೆ ದಾರಿ ಮಾಡಿಕೊಡಲಿಲ್ಲ. ತಾವೇ ಮಾಡಿಕೊಂಡರು. ಗಂಡಸರು ಕಂಬ ನೆಟ್ಟು ಬಿದಿರು ಹಾಸಿದರು. ಹೆಂಗಸರು ತೆಂಗಿನ ಸಿಪ್ಪೆಯನ್ನು ಕೆಸರಿನಲ್ಲಿ ಹೂತು ಕೊಳೆಸಿದರು, ಬಡಿದರು, ನಾರು ಬಿಡಿಸಿದರು, ಹೊಸೆದರು. ಕೊಳೆತ ಸಿಪ್ಪೆಯ ನಾತ ಉಣ್ಣುವ ಕೈಯಲ್ಲಿರುತ್ತಿತ್ತು. ಮಗುವಿನ ಬಾಯಿಗಿಡುವ ಮೊಲೆಯಲ್ಲೂ ಇರುತ್ತಿತ್ತು. ಪ್ರತಿ ಮಳೆಗಾಲ ಹೊಳೆ ಬಂದು ಸಂಕವನ್ನು ತೆಗೆದುಕೊಂಡು ಹೋಗುತ್ತಿತ್ತು. ನೀರಿಳಿದ ಮೇಲೆ ಇವರು ಮತ್ತೆ ಕಟ್ಟುತ್ತಿದ್ದರು.

ಹೊಸ ಸಂಕವನ್ನು ಮೊದಲು ದಾಟುವುದು ಹೆಂಗಸು. ಹಗ್ಗ ಹೊಸೆದ ಮನೆಯ ಹೆಂಗಸು. ತಲೆಯ ಮೇಲೆ ತುಂಬಿದ ಬುಟ್ಟಿ, ಬುಟ್ಟಿಯಲ್ಲಿ ಹಸಿ ಮೀನು. ಖಾಲಿ ಬುಟ್ಟಿ ಹೊತ್ತು ಆ ದಿನ ಯಾರೂ ಸಂಕಕ್ಕೆ ಕಾಲಿಡುವ ಹಾಗಿಲ್ಲ. ಹೆಂಗಸನ್ನೂ ಬುಟ್ಟಿಯನ್ನೂ ಸಂಕ ತಾಳಿದರೆ ಆಮೇಲೆ ಗಂಡಸರಿಗೆ ಧೈರ್ಯ ಬರುತ್ತಿತ್ತು. ಇದನ್ನು ಮರ್ಯಾದೆ ಎಂದು ಹೆಸರಿಟ್ಟವರೂ ಗಂಡಸರೇ. ಇರಲಿ. ಪೂವಮ್ಮನಿಗೆ ಅದು ಮರ್ಯಾದೆಯೇ. ಅತ್ತೆಯ ನಂತರ ಹಿರಿ ಸೊಸೆ. ವರ್ಷಕ್ಕೊಂದು ಬೆಳಿಗ್ಗೆ ಇಡೀ ಕಡವು ಉಸಿರು ಹಿಡಿದು ಅವಳೊಬ್ಬಳ ಪಾದ ನೋಡುತ್ತಿತ್ತು. ಸೇಸಮ್ಮ ದಂಡೆಯಲ್ಲಿ ನಿಂತು ನೋಡುತ್ತಿದ್ದಳು.

ಆಮೇಲೆ ಸಮಿತಿ ಬಂತು. ‘ಕುದ್ರು ಪ್ರವಾಸಿ ಅಭಿವೃದ್ಧಿ ಸಮಿತಿ.’ ದೊಡ್ಡ ತೋಟದ ಮನೆಯ ಶಶಿಕಿರಣ ಅದರ ಯಜಮಾನ. ಕುದ್ರುವಿನಲ್ಲಿ ಕಾಟೇಜು ಎದ್ದವು. ಬಿದಿರಿನ ಜಾಗಕ್ಕೆ ಹಲಗೆ ಬಂತು, ಕತ್ತದ ಜಾಗಕ್ಕೆ ಉಕ್ಕಿನ ಸರಿಗೆ. ಸರಿಗೆಯ ಮೇಲೆ ಪುನಃ ಕತ್ತ ಸುತ್ತಿಸಿದರು. ಫೋಟೋದಲ್ಲಿ ಹಳತು ಕಾಣಬೇಕಲ್ಲ. ಸಂಕದ ಬಾಯಿಗೆ ಗೇಟು, ಗೇಟಿಗೆ ಟಿಕೆಟು, ಟಿಕೆಟಿನ ಪಕ್ಕ ಬೋರ್ಡು: ‘ಮೀನು, ಬುಟ್ಟಿ, ನಾಯಿಗಳಿಗೆ ಪ್ರವೇಶವಿಲ್ಲ.’ ನಾಯಿಗೆ ಓದು ಬಾರದು, ಅದು ಹೋಯಿತು. ಓದು ಬಂದವರು ಹೊರಗುಳಿದರು.

ಮೀನಿನವರು ಸಂಕದ ಕೆಳಗೆ ನೀರಿಗಿಳಿದರು. ಮೇಲೆ ಹೋಗುವವರಿಗೆ ಸಂಕ, ಕೆಳಗೆ ಹೋಗುವವರಿಗೆ ಸಂಕಟ. ಹಿಂದಿನ ವರ್ಷ ಮಳೆ ಶುರುವಾಗುವ ಮೊದಲೇ ಘಟ್ಟದ ಕಡೆಯಿಂದ ಕೆಂಪು ನೀರು ಬಂತು. ಬಲೆ ಹೊತ್ತು ದಾಟುತ್ತಿದ್ದ ಧರ್ಣಪ್ಪನ ಕಾಲು ತಪ್ಪಿತು. ಅವನು ಮುಳುಗಿ ಏಳುವಾಗ ನೆತ್ತಿಯ ಮೇಲೆಯೇ ಸಂಕ ತೂಗುತ್ತಿತ್ತು. ಅದರ ಮೇಲೆ ಜನ ನಿಂತಿದ್ದರು. ಹೆಣ ಪಾಣೆಮಂಗಳೂರಿನ ಹತ್ತಿರ ಸಿಕ್ಕಿತು. ಕಾಲು ಜಾರಿ ಎಂದು ಬರೆದರು. ಯಾಕೆ ನೀರಿಗಿಳಿದ ಎಂದು ಯಾರೂ ಬರೆಯಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಸಮಿತಿ ಅಕ್ಕಿ ಕಳಿಸಿತು. ಮರು ತಿಂಗಳು ಸೇಸಮ್ಮನಿಗೆ ಸಂಕದ ಮೇಲೆ ಕೆಲಸ ಕೊಟ್ಟಿತು.

ಕೆಲಸವೆಂದರೆ ಮೀನಿನವಳಾಗುವುದು. ಹುಟ್ಟಿನಿಂದ ಮೀನಿನವಳಾಗಿದ್ದವಳಿಗೆ ಮೀನಿನವಳ ವೇಷ ಹಾಕಿದರು. ಇಸ್ತ್ರಿ ಮಾಡಿದ ಸೀರೆ, ಪ್ಲಾಸ್ಟಿಕ್ ಮೀನಿನ ಬುಟ್ಟಿ. ಗಂಡ ಹೋದ ಮೇಲೆ ಹೂ ಬಿಟ್ಟಿದ್ದ ತಲೆಗೆ ಪ್ಲಾಸ್ಟಿಕ್ ಮಲ್ಲಿಗೆ. ಸಂಕದ ಮೇಲೆ ಹೋಗುವುದು, ಬರುವುದು, ಬಂದವರ ಪಕ್ಕ ನಿಂತು ನಗುವುದು.

ಇದು ಅನ್ಯಾಯ ಎಂದು ಪೂವಮ್ಮ ಹೇಳಬಹುದಿತ್ತು. ಅವಳ ನಾಲಗೆಗೆ ಬಂದದ್ದು ಬೇರೆ. ನನ್ನನ್ನು ಯಾಕೆ ಕರೆಯಲಿಲ್ಲ?

ಮೆಲ್ಕಾರಿನಲ್ಲಿ ಬೋರ್ಡು ನೋಡಿದ ಮರುದಿನ ಅವಳು ಕುದ್ರುವಿನಿಂದ ಮೀನು ಹೊತ್ತು ವಾಪಸು ಬರುತ್ತಿದ್ದಳು. ಡೊಂಬಯ್ಯ ಬಲೆ ಹೊತ್ತು ಮುಂದೆ, ಅವಳು ಹಿಂದೆ. ತಮ್ಮ ಹೋದ ಜಾಗಕ್ಕೆ ಬಂದಾಗ ಡೊಂಬಯ್ಯ ಮಾತು ನಿಲ್ಲಿಸುತ್ತಾನೆ. ನಿಲ್ಲಿಸಿದ. ನೀರು ಎದೆಗೆ ಬಂತು. ಸೀರೆ ಕಾಲಿಗೆ ಸುತ್ತಿಕೊಂಡಿತು. ಬುಟ್ಟಿಯ ಭಾರ ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಹೆಬ್ಬೆರಳಿಗೆ ಇಳಿಯಿತು. ಹೆಬ್ಬೆರಳು ಕಲ್ಲನ್ನು ಕಚ್ಚಿ ಹಿಡಿಯಬೇಕು. ಬಿಟ್ಟರೆ ಪಾಣೆಮಂಗಳೂರು.

"ಹಲೋ ಆಂಟೀ! ಸ್ವಲ್ಪ ಮೇಲೆ ನೋಡಿ!"

ಸಂಕದ ಮೇಲೆ ಬೆಂಗಳೂರಿನ ಕಡೆಯವರು. ಹಣೆಯಲ್ಲಿ ದೇವಸ್ಥಾನದ ಗಂಧ, ಕೈಯಲ್ಲಿ ಫೋನು.

"ಸಖತ್ತಾಗಿದೆ! ಆಂಟೀ, ಸ್ವಲ್ಪ ಹಿಂದೆ ಹೋಗಿ ಇನ್ನೊಂದ್ಸಲ ಬನ್ನಿ, ವಿಡಿಯೋ ಮಾಡ್ತೀನಿ!"

ಪೂವಮ್ಮ ಹಿಂದೆ ಹೋಗಲಿಲ್ಲ. ಮುಂದೆ ಹೋಗಲೂ ಆಗಲಿಲ್ಲ. ಅವರ ನಡುವೆ ಸೇಸಮ್ಮ ನಿಂತಿದ್ದಳು. ಪೂವಮ್ಮ ಅವಳ ಮುಖ ನೋಡಲಿಲ್ಲ. ಸೀರೆ ನೋಡಿದಳು. ಅಂಚಿನವರೆಗೂ ಒಣಗಿತ್ತು. ಗಾಳಿಗೆ ಹಾರುತ್ತಿತ್ತು. ಸೀರೆ ಎಂಬುದು ಹಾರುತ್ತದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಸಂಜೆ ಬಾವಿಕಟ್ಟೆಯಲ್ಲಿ ಸೇಸಮ್ಮನೇ ಮಾತು ತೆಗೆದಳು. "ಅಕ್ಕ, ನೀರು ಜಾಸ್ತಿ ಉಂಟು. ನಾಳೆ ಇಳಿಯಬೇಡಿ."

"ನೀರಿನ ಸುದ್ದಿ ನಿನಗೆಂತಕ್ಕೆ? ನಿನ್ನ ಕಾಲು ಒದ್ದೆಯಾಗದೆ ಎಷ್ಟು ಸಮಯವಾಯಿತು?" ಪೂವಮ್ಮ ಕೊಡಪಾನ ಕೆಳಗಿಟ್ಟಳು. ಎರಡು ಕೈ ಜೋಡಿಸಿದಳು, ತಲೆ ಒಂದು ಬದಿಗೆ ವಾಲಿಸಿದಳು, ಮೂಗಿನಲ್ಲಿ ಸ್ವರ ತೆಗೆದಳು. "‘ನಮಸ್ಕಾರ ಅತಿಥಿಗಳೇ. ನಮ್ಮ ಪೂರ್ವಜರು ಶತಮಾನಗಳಿಂದ ಈ ಸೇತುವೆಯ ಮೇಲೆ ಮತ್ಸ್ಯಗಳನ್ನು ಸಾಗಿಸುತ್ತಿದ್ದರು.’ ಮತ್ಸ್ಯ ಅಂತೆ ಮತ್ಸ್ಯ! ಇವತ್ತು ಮನೆಯಲ್ಲಿ ಎಂತ, ಮತ್ಸ್ಯದ ಗಸಿಯಾ?"

ಅಚ್ಚು ಸೇಸಮ್ಮನದೇ ಸ್ವರ. ಸೇಸಮ್ಮನಿಗೇ ನಗು ಬಂತು. ಬಂದದ್ದನ್ನು ನುಂಗಿದಳು.

"ಅದು ಶಶಿಕಿರಣ ಧನಿ ಬರೆದುಕೊಟ್ಟದ್ದು. ನಾನು ಬಾಯಿಪಾಠ ಮಾಡಿದ್ದು. ನಿಮಗೆ ಹೊಟ್ಟೆಕಿಚ್ಚು ಅಕ್ಕ."

"ಹೌದು. ಹೊಟ್ಟೆಯಲ್ಲಿ ಬೇರೆ ಎಂತ ಉಂಟು ಉರಿಯಲಿಕ್ಕೆ?"

"ಬಂದು ನೋಡಿ ಒಂದು ದಿನ. ಅಲ್ಲಿಯ ಕಕ್ಕಸು ಗೆಸ್ಟುಗಳಿಗೆ ಮಾತ್ರ. ನಾನು ತಡೆದುಕೊಂಡು ಮನೆಗೆ ಓಡಿ ಬರಬೇಕು. ಫೋಟೋ ಅಂತ ಹೇಳಿ ಸೊಂಟಕ್ಕೆ ಕೈ ಹಾಕ್ತಾರೆ. ಅದಕ್ಕೂ ನಗಬೇಕು."

ಇಲ್ಲಿಗೆ ನಿಲ್ಲಿಸಬೇಕೆಂದು ಪೂವಮ್ಮನಿಗೆ ಗೊತ್ತಿತ್ತು. ನಿಲ್ಲಿಸಲಿಲ್ಲ.

"ಆದರೂ ನಿನಗೆ ಆಯಿತಲ್ಲ. ಗಂಡನನ್ನು ಹೊಳೆಗೆ ಕೊಟ್ಟೆ, ಸಂಕ ಸಿಕ್ಕಿತು. ನನ್ನವನು ಇನ್ನೂ ಸಾಯಲಿಲ್ಲ ನೋಡು. ಅದಕ್ಕೇ ನನಗೆ ಕೆಲಸ ಇಲ್ಲ."

ಸೇಸಮ್ಮ ಅರ್ಧ ತುಂಬಿದ ಕೊಡಪಾನ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಮರುದಿನ ಪೂವಮ್ಮ ಕೈಕಾಲಿಗೆ ಲಿಂಬೆ ಸಿಪ್ಪೆ ತಿಕ್ಕಿ ತಿಕ್ಕಿ ಸ್ನಾನ ಮಾಡಿದಳು. ಮದುವೆಗೆ ಹೋಗುವ ಸೀರೆ ಉಟ್ಟು ಸಮಿತಿಯ ಆಫೀಸಿಗೆ ಹೋದಳು.

"ಬನ್ನಿ ಪೂವಮ್ಮ, ಬನ್ನಿ. ಅಲ್ಲೇ ಇರಿ, ನಾನೇ ಹೊರಗೆ ಬರ್ತೇನೆ," ಎಂದ ಶಶಿಕಿರಣ. ಕಲಿತವನು. ಬೈಯುವುದಿಲ್ಲ. ಬಹುವಚನದಲ್ಲೇ ಬಾಗಿಲಾಚೆ ನಿಲ್ಲಿಸುತ್ತಾನೆ.

"ನನಗೂ ಸಂಕದ ಕೆಲಸ ಬೇಕು ಧನಿ."

"ಓ! ಒಮ್ಮೆ ನಗಿ, ನೋಡುವ."

ನಕ್ಕಳು.

"ಹಾಗಲ್ಲ. ಸಂತೋಷ ಆದವರ ಹಾಗೆ."

ಇನ್ನೊಮ್ಮೆ ನಕ್ಕಳು. ಕೆನ್ನೆ ನೋಯಿತು.

"ಬುಟ್ಟಿ ಹೊತ್ತು ಆ ಗೋಡೆಯವರೆಗೆ ನಡೆಯಿರಿ. ಅಯ್ಯೋ, ಅಷ್ಟು ಬೇಗ ಬೇಡ. ಇದು ಮಾರ್ಕೆಟ್ ಅಲ್ಲ. ಸ್ವಲ್ಪ ಬಳುಕಿ."

"ಭಾರ ಹೊತ್ತವಳು ಬಳುಕಿದರೆ ಬೀಳ್ತಾಳೆ ಧನಿ."

ಶಶಿಕಿರಣ ನಕ್ಕ. ನಗುತ್ತಲೇ ಬೆರಳನ್ನು ಮೂಗಿನ ಹತ್ತಿರ ತಂದ. "ತಪ್ಪು ತಿಳಿಯಬೇಡಿ. ನಿಮ್ಮದು ಸ್ವಲ್ಪ ಜಾಸ್ತಿ ಒರಿಜಿನಲ್ ಆಯಿತು. ಗೆಸ್ಟುಗಳಿಗೆ ಆಗುವುದಿಲ್ಲ. ಬೇರೆ ಕೆಲಸ ಕೊಡ್ತೇನೆ. ಭಾನುವಾರ ಸೀಸನ್ ಓಪನಿಂಗ್ ಉಂಟು. ನಿಮ್ಮ ಸಂಪ್ರದಾಯದ ಪ್ರಕಾರವೇ ಮಾಡುವುದು. ಮೀನಿನ ಬುಟ್ಟಿ ಹೊತ್ತು ಹೆಂಗಸು ಮೊದಲು ದಾಟುವುದು. ಡ್ರೋನ್ ಕೂಡ ಬರ್ತದೆ."

ಪೂವಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಮೊದಲು ದಾಟುವುದು ನಾನು. ನಮ್ಮಲ್ಲಿ ಹಿರಿ ಸೊಸೆ."

"ಗೊತ್ತುಂಟು. ಆದರೆ ಪೋಸ್ಟರಿನಲ್ಲಿ ಇರುವುದು ಸೇಸಮ್ಮನ ಮುಖ ಅಲ್ವಾ? ನೀವು ಕೈಹಗ್ಗಕ್ಕೆ ಹೊಸ ಕತ್ತ ಹೊಸೆದು ಕೊಡಿ. ನಿಮ್ಮ ಕೈ ಬಹಳ ಒಳ್ಳೆಯದು."

ಮುಖ ಒಬ್ಬಳದ್ದು, ಕೈ ಒಬ್ಬಳದ್ದು. ಆಗುವುದಿಲ್ಲ ಎನ್ನಲು ಬೇರೆಯೇ ಹೊಟ್ಟೆ ಬೇಕು. ಪೂವಮ್ಮ ಆಯಿತು ಎಂದಳು.

ಜನರೇಟರಿನ ಶೆಡ್ಡಿನ ಹಿಂದೆ, ಗೆಸ್ಟುಗಳಿಗೆ ಕಾಣದಲ್ಲಿ ಕೂತು ಹೊಸೆದಳು. ಅಂಗೈಯ ಚರ್ಮ ಎದ್ದಿತು. ಎದ್ದ ಚರ್ಮದ ಮೇಲೆ ನಾರು ಗರಗಸದಂತೆ ಎಳೆಯಿತು. ಎಳೆದಷ್ಟೂ ಭಾನುವಾರ ಕಣ್ಣಿಗೆ ಬಂತು. ತನ್ನ ರಕ್ತ ಹತ್ತಿದ ಹಗ್ಗದ ಮೇಲೆ ಕೈಯಾಡಿಸುತ್ತ ಸೇಸಮ್ಮ ದಾಟುತ್ತಾಳೆ. ಇಡೀ ಕಡವು ಅವಳ ಪಾದ ನೋಡುತ್ತದೆ.

ಆಗ ಪೂವಮ್ಮ ಹುರಿ ಸಡಿಲ ಬಿಟ್ಟಳು.

ಜೀವಮಾನದಲ್ಲಿ ಮಾಡದ ಕೆಲಸ. ಕೈ ತಾನಾಗಿ ಬಿಗಿ ಮಾಡುತ್ತಿತ್ತು, ಅವಳು ಬಿಡಿಸುತ್ತಿದ್ದಳು. ಒಂದು ಸುತ್ತು ಹಾಕಬೇಕಾದಲ್ಲಿ ಅರ್ಧ ಹಾಕಿದಳು. ಹಗ್ಗ ಬೆಂದ ಸೇಮಿಗೆಯಂತೆ ಮೆತ್ತಗೆ ಬಂತು. ಹಿಂದಿನ ಕಾಲದಲ್ಲಿ ಇಂಥ ಹಗ್ಗ ಕಟ್ಟಿದ್ದರೆ ಮನುಷ್ಯರು ಸಾಯುತ್ತಿದ್ದರು. ಅತ್ತೆ ನೋಡಿದ್ದರೆ ಅದೇ ಹಗ್ಗದಲ್ಲಿ ಬಾರಿಸುತ್ತಿದ್ದರು. ಯಾರಾದರೂ ನೋಡಲಿ, ಬೈಯಲಿ, ‘ಇದೆಂತ ಹಗ್ಗ ಪೂವಮ್ಮ’ ಎನ್ನಲಿ ಎಂದು ಅವಳು ಕಾದಳು.

ಶಶಿಕಿರಣ ಬಂದು ಹಗ್ಗವನ್ನು ಒತ್ತಿ ನೋಡಿದ. "ಸೂಪರ್! ಹಿಂದಿನ ಸಲದ್ದಕ್ಕಿಂತ ಒಳ್ಳೇದುಂಟು. ಮೆತ್ತಗೆ. ಗೆಸ್ಟುಗಳ ಕೈಗೆ ಚುಚ್ಚುವುದಿಲ್ಲ."

ಅವನ ಆಳುಗಳು ಅದನ್ನು ಉಕ್ಕಿನ ಸರಿಗೆಯ ಮೇಲೆ ಸುತ್ತಿದರು. ಪೂವಮ್ಮ ನೋಡುತ್ತ ನಿಂತಳು. ಒಳ್ಳೆಯದು ಹೊಸೆದರೂ ಒಂದೇ, ಕೆಟ್ಟದ್ದು ಹೊಸೆದರೂ ಒಂದೇ. ಈ ಸಂಕವನ್ನು ಹಗ್ಗ ಹೊತ್ತಿರಲಿಲ್ಲ.

ಭಾನುವಾರ ದಂಡೆಯಲ್ಲಿ ಕುರ್ಚಿ, ಮೈಕು, ವ್ಯಾನುಗಳ ಸಾಲು. ಬೆಳ್ತಂಗಡಿಯಿಂದಲೂ ಜನ ಬಂದಿದ್ದರು. ಗೇಟಿನ ಒಳಗೆ, ಸಂಕದ ಮೊದಲ ಹಲಗೆಗಳ ಮೇಲೆ, ಟಿಕೆಟು ತೆಗೆದ ಗೆಸ್ಟುಗಳು ಎರಡೂ ಬದಿಗೆ ನಿಂತಿದ್ದರು. ಪೂವಮ್ಮ ಆಗಷ್ಟೇ ಹೊಳೆಯಿಂದ ಮೇಲೆ ಬಂದಿದ್ದಳು. ಎದೆಯಿಂದ ಕೆಳಗೆ ನೀರು ಸುರಿಯುತ್ತಿತ್ತು. ಬುಟ್ಟಿಯಲ್ಲಿ ಮುಗುಡುಗಳು ಇನ್ನೂ ಬಡಿದುಕೊಳ್ಳುತ್ತಿದ್ದವು. ಗೇಟಿನ ಕಾವಲಿಗಿದ್ದ ಸಂದೇಶ್, "ಪೂವಕ್ಕ, ಬುಟ್ಟಿ ಸ್ವಲ್ಪ ಮರೆಗೆ ಇಡಿ, ಡ್ರೋನಿಗೆ ಕಾಣ್ತದೆ," ಎಂದ.

ಸೇಸಮ್ಮ ಪ್ಲಾಸ್ಟಿಕ್ ಬುಟ್ಟಿ ಹೊತ್ತು ಸಂಕಕ್ಕೆ ಕಾಲಿಟ್ಟಳು. ಪೂವಮ್ಮ ಹಲ್ಲು ಕಚ್ಚಿದಳು. ಮೈಕಿನಲ್ಲಿ ಶಶಿಕಿರಣನ ಶತಮಾನಗಳು ಸಾಗಿದವು. ನಡು ಹೊಳೆಯಲ್ಲಿ ಸೇಸಮ್ಮ ಕೈಹಗ್ಗ ಹಿಡಿದಳು. ನಿಂತಳು. ಹಿಂಡಿ ನೋಡಿದಳು. ತಿರುಗಿ ದಂಡೆಯ ಕಡೆ ನೋಡಿದಳು.

"ಅಕ್ಕಾ! ಇದು ನೀವು ಹೊಸೆದದ್ದಾ?"

ಜನ ತಿರುಗಿದರು. "ಹೌದು!" ಎಂದಳು ಪೂವಮ್ಮ.

"ಹೀಗೆ ಹೊಸೆದದ್ದು ಯಾರನ್ನು ಕೊಲ್ಲಲಿಕ್ಕೆ?"

"ನೀನು ಹೊತ್ತದ್ದು ಪ್ಲಾಸ್ಟಿಕ್ ಮೀನು! ಅದಕ್ಕೆ ಅಷ್ಟು ಸಾಕು!"

ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಗೆಸ್ಟುಗಳು ಚಪ್ಪಾಳೆ ತಟ್ಟಿದರು. "ಸೇಸಮ್ಮ, ಮುಂದೆ ನಡೆಯಿರಿ. ನಗುತ್ತ, ನಗುತ್ತ," ಎಂದಿತು ಮೈಕು.

ಸೇಸಮ್ಮ ನಡೆಯಲಿಲ್ಲ. ಕೆಳಗೆ ನೀರು ನೋಡಿದಳು. ಬುಟ್ಟಿ ಇಳಿಸಿ ಬೋರಲು ಹಾಕಿದಳು. ಪ್ಲಾಸ್ಟಿಕ್ ಮೀನುಗಳು ಹೊಳೆಗೆ ಬಿದ್ದು ಹೊಟ್ಟೆ ಮೇಲೆ ಮಾಡಿ ತೇಲುತ್ತ ಹೋದವು. ಮಲ್ಲಿಗೆ ಕಿತ್ತು ಅವುಗಳ ಹಿಂದೆ ಎಸೆದಳು. ಆಮೇಲೆ ಸಂಕದ ನಡುವೆ ಕೂತುಬಿಟ್ಟಳು.

"ನನ್ನ ಗಂಡ ಹೋದದ್ದು ಇಲ್ಲಿ," ಎಂದಳು. ಬಾಯಿಪಾಠದ ಸ್ವರ ಅಲ್ಲ, ಹೊಳೆಯಾಚೆ ಕರೆಯುವ ಸ್ವರ. "ಸಂಕ ಕಟ್ಟಿದವನನ್ನು ನೀರಿಗಿಳಿಸಿ ಕೊಂದಿರಿ. ಗೇಟಿನ ಆ ಬೋರ್ಡು ತೆಗೆಯದೆ ನಾನು ಏಳುವುದಿಲ್ಲ."

ಚಪ್ಪಾಳೆ ನಿಂತಿತು. ಫೋನುಗಳೆಲ್ಲ ಅವಳ ಕಡೆ ಎದ್ದವು.

ಪೂವಮ್ಮನ ಹೊಟ್ಟೆಯಲ್ಲಿ ಮುಳ್ಳು ನಿಗುರಿತು. ಮೆಲ್ಕಾರಿನ ಬೋರ್ಡಿನಲ್ಲಿ ಮುಖ ಸೇಸಮ್ಮನದ್ದು. ಮೊದಲ ನಡೆ ಅವಳದ್ದು. ಈಗ ಇದು. ದಿನಾ ಎದೆಮಟ್ಟ ನೀರಿನಲ್ಲಿ ನಿಂತವಳು ತಾನು. ಈ ಮಾತು ತಾನು ಹೇಳಬೇಕಾದ್ದು. ಹೇಳದೆ ಲಿಂಬೆ ತಿಕ್ಕಿಕೊಂಡು ಗೋಡೆಯವರೆಗೆ ನಡೆದು ತೋರಿಸಿದಳು. ಇದನ್ನೂ ಸೇಸಮ್ಮನೇ ಮೊದಲು ಮಾಡಿಬಿಟ್ಟಳು!

ಪೂವಮ್ಮ ಬುಟ್ಟಿ ಎತ್ತಿ ತಲೆಗಿಟ್ಟಳು.

"ಪೂವಕ್ಕ, ಮೀನು ಬಿಡುವ ಹಾಗಿಲ್ಲ," ಸಂದೇಶ್ ಕೈ ಅಡ್ಡ ಹಿಡಿದ.

"ಬಿಡು ಅಂತ ನಾನು ಕೇಳಲಿಲ್ಲ."

ಕೈಯನ್ನು ತಳ್ಳಿದಳು. ನಡೆದಳು. ಬಳುಕಲಿಲ್ಲ. ಕೈಹಗ್ಗ ಮುಟ್ಟಲಿಲ್ಲ. ಬುಟ್ಟಿಯ ನೀರು ಪಾಲಿಶ್ ಹಲಗೆಯ ಮೇಲೆ, ಗೆಸ್ಟುಗಳ ಬಿಳಿ ಬೂಟಿನ ಮೇಲೆ ತೊಟ್ಟಿಕ್ಕಿತು. ಅವರು ಮೂಗು ಹಿಡಿದು ಸರಿದರು. ಪೂವಮ್ಮ ಸೇಸಮ್ಮನ ಬೆನ್ನ ಹಿಂದೆ ಹೋಗಿ ನಿಂತಳು.

"ಏಳು."

"ಏಳುವುದಿಲ್ಲ."

"ಹಸಿ ಮೀನು ಇರುವುದು ನನ್ನ ತಲೆಯಲ್ಲಿ. ಮೊದಲು ದಾಟುವವಳು ನಾನು. ದಾರಿ ಬಿಡು."

"ನೀವು ದಾಟಿ ಹೋದರೆ ಮುಗಿಯಿತು ಅಕ್ಕ. ಹಿಂದಿನಿಂದ ಗೇಟು ಹಾಕ್ತಾರೆ. ಕೂತರೆ ಹಾಕಲಿಕ್ಕೆ ಆಗುವುದಿಲ್ಲ."

ಸೇಸಮ್ಮ ಹೇಳಿದ್ದು ನಿಜ. ನಿಜವಾದ್ದರಿಂದ ಪೂವಮ್ಮನಿಗೆ ಇನ್ನಷ್ಟು ಉರಿಯಿತು. ಬುಟ್ಟಿಯನ್ನು ಹಲಗೆಯ ಮೇಲೆ ಧಡ್ಡನೆ ಇಳಿಸಿದಳು. ಒಂದು ಮುಗುಡು ಹಾರಿ ಬಿದ್ದು ಗೆಸ್ಟುಗಳ ಕಡೆ ತೆವಳಿತು. ಅವರು ಕಿರುಚುತ್ತ ಗೇಟಿನ ಕಡೆ ಓಡಿದರು. ಸಂಕ ತೂಗಿತು.

"ಹಾಗಾದರೆ ನಾನು ಮುಂದೆ ಕೂತುಕೊಳ್ತೇನೆ. ನಾನು ಹಿರಿಯವಳು."

"ಮುಂದೆ ನಾನಿದ್ದೇನೆ. ಹೋದದ್ದು ನನ್ನ ಗಂಡ."

ಬಾವಿಕಟ್ಟೆಯಲ್ಲಿ ತಾನು ಆಡಿದ ಮಾತು ಪೂವಮ್ಮನಿಗೆ ನೆನಪಾಯಿತು. ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಹಿಂದೆಯೂ ಕೂರಲಿಲ್ಲ, ಮುಂದೆಯೂ ಕೂರಲಿಲ್ಲ. ಇಕ್ಕಟ್ಟಾದ ಹಲಗೆಯ ಮೇಲೆ ಸೇಸಮ್ಮನ ಪಕ್ಕದಲ್ಲಿ, ಭುಜಕ್ಕೆ ಭುಜ ಒತ್ತಿ ಕೂತಳು. ನಾಲ್ಕು ಕಾಲುಗಳು ಹೊಳೆಯ ಮೇಲೆ ನೇತಾಡಿದವು.

"ಪೊಲೀಸರಿಗೆ ಫೋನ್ ಮಾಡಿದ್ದೇವೆ," ಎಂದಿತು ಮೈಕು. "ದಯವಿಟ್ಟು ಇಬ್ಬರೂ ಎದ್ದು ಬನ್ನಿ."

ದಂಡೆಯಲ್ಲಿ ಡೊಂಬಯ್ಯ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಮುಂದೆ ಬಂದು ನಿಂತಿದ್ದ. ಸಂದೇಶ್ ಅವನಿಗೆ ಕೈ ಅಡ್ಡ ಹಿಡಿಯಲಿಲ್ಲ. ರಸ್ತೆಯ ಕಡೆಯಿಂದ ಜೀಪಿನ ಸದ್ದು ಕೇಳಿಸಿತು.

"ಸ್ವಲ್ಪ ಆಚೆ ಸರಿಯಿರಿ ಅಕ್ಕ," ಎಂದಳು ಸೇಸಮ್ಮ, ಮೊಣಕೈಯಿಂದ ತಿವಿದು. "ನಾನು ಬೀಳ್ತೇನೆ."

"ನೀನು ಸರಿ."

ಇಬ್ಬರೂ ಸರಿಯಲಿಲ್ಲ.